ಹಾಳೆಗೆ ಬರುವ ಮುಪ್ಪು

ಶ್ರವಣಬೆಳಗೊಳದಲ್ಲಿ 1981ರಲ್ಲಿ ನಡೆದ ಮಹಾಮಸ್ತಕಾಭಿಷೇಕ ಗೊಮ್ಮಟ ಮೂರ್ತಿಯ ಸಾವಿರ ವರ್ಷದ ಉತ್ಸವವೂ ಆಗಿತ್ತು. ಆ ವರ್ಷವೂ, 1993ರಲ್ಲೂ ವಿಂಧ್ಯಗಿರಿಯ ಮೆಟ್ಟಿಲು ಹತ್ತಿದ ಫೋಟೊಗ್ರಾಫರುಗಳ ಕೊರಳಲ್ಲಿದ್ದದ್ದು ರೀಲು ಹಾಕುವ ಕ್ಯಾಮೆರಾ. 2006ರ ಹೊತ್ತಿಗೆ ಡಿಜಿಟಲ್ ಬಂದು ಸೇರಿಕೊಂಡಿತ್ತು. 2018ರಲ್ಲಿ ರೀಲು ಕಾಣುವುದೇ ಅಪರೂಪ. ಹಾಗಾಗಿ ಡಿಜಿಟಲ್ಲಿಗೂ ಹಿಂದಿನ ಅಭಿಷೇಕಗಳು, ಜಾತ್ರೆಗಳು, ಮದುವೆಗಳು, ಏಳನೇ ಕ್ಲಾಸಿನ ಗ್ರೂಪ್ ಫೋಟೊಗಳು ಎಲ್ಲವೂ ನೆಗೆಟಿವ್‌ಗಳಲ್ಲಿ ಉಳಿದಿವೆ. ಚನ್ನರಾಯಪಟ್ಟಣ, ಹೊಳೆನರಸೀಪುರ, ಅರಕಲಗೂಡು, ಹಾಸನದ ಹಳೆಯ ಸ್ಟುಡಿಯೊಗಳ ಕಪಾಟುಗಳಲ್ಲಿ, ಮನೆಯ ಟ್ರಂಕುಗಳಲ್ಲಿ, ಬಿಸ್ಕತ್ತಿನ ಡಬ್ಬಿಗಳಲ್ಲಿ ಅವು ಸುರುಳಿಯಾಗಿ ಮಲಗಿವೆ.

ಅಂಥದೊಂದು ಪಟ್ಟಿಯನ್ನು ತೆಗೆದು ಮೇಜಿನ ಮೇಲಿಟ್ಟು ನೋಡಿ. ಅದು ಚಪ್ಪಟೆಯಾಗಿ ಮಲಗುವುದಿಲ್ಲ. ಅಗಲಕ್ಕೆ ಸಣ್ಣ ದೋಣಿಯಂತೆ ಬಾಗಿರುತ್ತದೆ, ಉದ್ದಕ್ಕೆ ತುದಿಯಿಂದ ಸುತ್ತಿಕೊಳ್ಳಲು ಹೊರಡುತ್ತದೆ. ಇವೆರಡೂ ಬೇರೆ ಬೇರೆ ಕಾರಣದ ಬಾಗುಗಳು. ಅಗಲದ ಬಾಗು ಹವೆಯ ತೇವವನ್ನು ಅವಲಂಬಿಸಿದ್ದು. ಬೇಸಿಗೆಯ ಒಣಹವೆಯಲ್ಲಿ ಅದು ಹೆಚ್ಚುತ್ತದೆ, ಜುಲೈ ತಿಂಗಳ ಮಳೆಯಲ್ಲಿ ಇಳಿಯುತ್ತದೆ. ಉದ್ದದ ಸುರುಳಿ ಹಾಗಲ್ಲ. ಅಂಗೈಯಲ್ಲಿ ಒತ್ತಿ ಹಿಡಿದು ಬಿಟ್ಟರೆ ಮತ್ತೆ ಮೊದಲಿನಂತೆಯೇ ಸುತ್ತಿಕೊಳ್ಳುತ್ತದೆ. ಸ್ಪೂಲಿನ ನಡುಗಡ್ಡಿಗೆ ಹತ್ತಿರವಿದ್ದ ತುದಿಯಲ್ಲಿ ಸುರುಳಿ ಬಿಗಿ, ಹೊರಗಿದ್ದ ತುದಿಯಲ್ಲಿ ಸಡಿಲ. ರೀಲು ಡಬ್ಬಿಯೊಳಗೆ ಯಾವ ಸುತ್ತಳತೆಯಲ್ಲಿ ಕೂತಿತ್ತೋ ಅದೇ ಸುತ್ತಳತೆ ಹಾಳೆಯಲ್ಲಿ ಅಚ್ಚಾಗಿದೆ. ಈ ಅಧ್ಯಾಯಕ್ಕೆ ಬೇಕಾದದ್ದು ಈ ಎರಡನೆಯ ಬಾಗು. ಗಟ್ಟಿಯಾಗಿ, ಸುಮ್ಮನೆ, ಯಾರೂ ಮುಟ್ಟದೆ ಕೂತ ಪ್ಲಾಸ್ಟಿಕ್ಕಿಗೆ ಹೇಗೆ ವಯಸ್ಸಾಗುತ್ತದೆ ಎಂಬುದನ್ನು ಬರಿಗಣ್ಣಿಗೆ ತೋರಿಸುವ ವಸ್ತುಗಳು ಬಹಳ ಇಲ್ಲ. ನೆಗೆಟಿವ್ ಅಂಥವುಗಳಲ್ಲೊಂದು.

ಮೊದಲು ಆ ಪಟ್ಟಿಯ ಅಡ್ಡಸೀಳನ್ನು ನೋಡೋಣ. ತಳದಲ್ಲಿರುವುದು ಸೆಲ್ಯುಲೋಸ್ ಟ್ರೈಅಸಿಟೇಟ್ ಎಂಬ ಪಾರದರ್ಶಕ ಹಾಳೆ, ಮಿಲಿಮೀಟರಿನ ಸುಮಾರು ಎಂಟನೇ ಒಂದು ಭಾಗದಷ್ಟು ದಪ್ಪ. ಮರದ ತಿರುಳು ಅಥವಾ ಹತ್ತಿಯ ಸೆಲ್ಯುಲೋಸಿನಿಂದ ಮಾಡಿದ್ದು. ಅದರ ಮೇಲೆ ಬೆಳ್ಳಿಯ ಲವಣವನ್ನು ಹಿಡಿದಿಟ್ಟುಕೊಂಡ ಜೆಲಟಿನ್ ಪದರಗಳು. ಕಪ್ಪು-ಬಿಳುಪಿನ ಫಿಲ್ಮಿನಲ್ಲಿ ಅವು ಕೆಲವೇ. ಬಣ್ಣದ ಫಿಲ್ಮಿನಲ್ಲಿ ಹನ್ನೆರಡಕ್ಕೂ ಹೆಚ್ಚು ಪದರಗಳಿದ್ದು, ಅಷ್ಟೂ ಸೇರಿ ಮಿಲಿಮೀಟರಿನ ಐವತ್ತನೇ ಒಂದು ಭಾಗದ ಆಸುಪಾಸು. ಟ್ರೈಅಸಿಟೇಟೂ ಜೆಲಟಿನ್ನೂ ಪಾಲಿಮರುಗಳೇ, ಅಂದರೆ ಸಾವಿರಾರು ಕೊಂಡಿಗಳ ಉದ್ದನೆಯ ಅಣುಸರಪಳಿಗಳಿಂದಾದವು. ಒಣಗಿರುವಾಗ ಎರಡೂ ಗಾಜಿನ ಸ್ಥಿತಿಯಲ್ಲಿರುತ್ತವೆ. ತೇವ ಹೀರಿದ ಜೆಲಟಿನ್ ಆ ಸ್ಥಿತಿಯಿಂದ ಹೊರಬಂದು ಮೆದುವಾಗುತ್ತದೆ. ಮಳೆಗಾಲದಲ್ಲಿ ನೆಗೆಟಿವ್‌ಗಳು ಒಂದಕ್ಕೊಂದು ಅಂಟಿ ಹಾಳಾಗುವುದು ಅದರಿಂದಲೇ.

ಗಾಜಿನ ಸ್ಥಿತಿ ಅಂದರೇನು? ನೀರು ಸೊನ್ನೆ ಡಿಗ್ರಿಗೆ ಬಂದಾಗ ಅದರ ಅಣುಗಳು ಸಾಲುಕಟ್ಟಿ ನಿಂತು ಮಂಜುಗಡ್ಡೆಯಾಗುತ್ತವೆ. ಅಲ್ಲಿಗೆ ಆ ಕೆಲಸ ಮುಗಿಯಿತು. ಉದ್ದನೆಯ ಸರಪಳಿಗಳಿಗೆ ಇದು ಸುಲಭವಲ್ಲ. ಕರಗಿದ ಪಾಲಿಮರು ತಣಿಯುತ್ತಾ ಬಂದಂತೆ ಸರಪಳಿಗಳು ಹತ್ತಿರ ಹತ್ತಿರ ಒತ್ತರಿಸಿಕೊಳ್ಳುತ್ತವೆ, ಹೊರಳಾಟ ನಿಧಾನವಾಗುತ್ತದೆ. ಒಂದು ಹಂತದಲ್ಲಿ ಹೊರಗಿನ ತಂಪು ಏರುವ ವೇಗಕ್ಕೆ ಸರಪಳಿಗಳ ಹೊರಳಾಟ ಸರಿಗಟ್ಟಲಾರದೆ ಹೋಗುತ್ತದೆ. ಆಗ ಅವು ಎಲ್ಲಿದ್ದವೋ ಅಲ್ಲೇ, ಹೇಗಿದ್ದವೋ ಹಾಗೇ ಸಿಕ್ಕಿಬೀಳುತ್ತವೆ. ಸಾಲಿಲ್ಲ, ಕ್ರಮವಿಲ್ಲ, ಆದರೂ ಗಟ್ಟಿ. ಇದು ಗಾಜು. ಕಿಟಕಿಯ ಗಾಜು, ಪಾಲಿಸ್ಟೈರೀನಿನ ಲೋಟ, ಪಿವಿಸಿ ಪೈಪು, ಕನ್ನಡಕದ ಪಾಲಿಕಾರ್ಬೊನೇಟ್ ಮಸೂರ ಈ ವಿಷಯದಲ್ಲಿ ಒಂದೇ ಜಾತಿ. ಹೀಗೆ ಸಿಕ್ಕಿಬೀಳುವ ಉಷ್ಣತೆಯನ್ನು ಗಾಜುಗಟ್ಟುವ ಉಷ್ಣತೆ ಎನ್ನೋಣ. ಪಿವಿಸಿಗೆ ಅದು ಸುಮಾರು 80 ಡಿಗ್ರಿ ಸೆಲ್ಸಿಯಸ್, ಪಾಲಿಸ್ಟೈರೀನಿಗೆ 100, ಪಾಲಿಕಾರ್ಬೊನೇಟಿಗೆ 150ರ ಹತ್ತಿರ.

ಸಿಕ್ಕಿಬಿದ್ದ ಸರಪಳಿಗಳು ನೆಮ್ಮದಿಯಲ್ಲಿರುವುದಿಲ್ಲ. ಇನ್ನಷ್ಟು ಸಮಯ ಸಿಕ್ಕಿದ್ದರೆ ಅವು ಮತ್ತಷ್ಟು ಒತ್ತಾಗಿ ಕೂರುತ್ತಿದ್ದವು. ತಣಿಸಿದ ಅವಸರದಿಂದ ಅವುಗಳ ನಡುವೆ ಅನಗತ್ಯ ಖಾಲಿ ಜಾಗ ಉಳಿದುಬಿಟ್ಟಿದೆ. ಗಟ್ಟಿಯಾದ ಮೇಲೂ ಸಣ್ಣ ಸಣ್ಣ ತುಣುಕುಗಳು ಒಂದಿಷ್ಟು ಮಿಸುಕುತ್ತಲೇ ಇರುತ್ತವೆ. ಹೀಗೆ ಮಿಸುಕಿ ಮಿಸುಕಿ ದಿನಗಳಲ್ಲಿ, ವರ್ಷಗಳಲ್ಲಿ ಹಾಳೆ ಕೂದಲೆಳೆಯಷ್ಟು ಕುಗ್ಗುತ್ತದೆ, ಬಿಗಿಯಾಗುತ್ತದೆ, ಬಾಗುವ ಬದಲು ಮುರಿಯುವ ಕಡೆಗೆ ವಾಲುತ್ತದೆ. ಇದಕ್ಕೆ ಭೌತಿಕ ಮುಪ್ಪು ಎಂದು ಹೆಸರು. ಕುಗ್ಗುವ ಗಾತ್ರ ಸಾಮಾನ್ಯವಾಗಿ ನೂರಕ್ಕೆ ಒಂದು ಪಾಲಿಗೂ ಕಡಿಮೆ, ಪರಿಣಾಮ ಮಾತ್ರ ಅಷ್ಟು ಸಣ್ಣದಲ್ಲ.

ಇದನ್ನು ಮೊದಲು ಅಳತೆಯಲ್ಲಿ ಹಿಡಿದವರಲ್ಲಿ ಶಾಲೆಯ ಪುಸ್ತಕದಿಂದ ನಮಗೆ ಪರಿಚಿತವಾದ ಹೆಸರೊಂದಿದೆ, ಜೇಮ್ಸ್ ಪ್ರೆಸ್ಕಾಟ್ ಜೂಲ್. 1844ರಲ್ಲಿ ಅವರು ತಮ್ಮ ಗಾಜಿನ ಥರ್ಮಾಮೀಟರನ್ನು ಕರಗುವ ಮಂಜುಗಡ್ಡೆಯಲ್ಲಿಟ್ಟು ಪಾದರಸ ನಿಂತ ಜಾಗವನ್ನು ಬರೆದಿಟ್ಟರು. ಆಮೇಲೆ ಆಗಾಗ, 1882ರವರೆಗೂ, ಅದನ್ನೇ ಮತ್ತೆ ಮತ್ತೆ ನೋಡುತ್ತಾ ಹೋದರು. ಪಾದರಸ ಪ್ರತಿ ಸಲವೂ ಮೊದಲಿಗಿಂತ ತುಸು ಮೇಲೆ ನಿಲ್ಲುತ್ತಿತ್ತು. ಮೂವತ್ತೆಂಟು ವರ್ಷಗಳಲ್ಲಿ ಆದ ಒಟ್ಟು ಏರಿಕೆ ಸುಮಾರು ಒಂದು ಡಿಗ್ರಿ ಫ್ಯಾರನ್‌ಹೀಟ್. ಮಂಜುಗಡ್ಡೆ ಬದಲಾಗಿರಲಿಲ್ಲ. ಬುರುಡೆಯ ಗಾಜು ಮೆಲ್ಲಗೆ ಕುಗ್ಗುತ್ತಾ ಪಾದರಸವನ್ನು ಮೇಲಕ್ಕೆ ತಳ್ಳುತ್ತಿತ್ತು. ಒಂದೇ ಉಪಕರಣದ ಒಂದೇ ಗುರುತನ್ನು ಮೂವತ್ತೆಂಟು ವರ್ಷ ನಂಬಿಕೆಯಿಂದ ನೋಡುತ್ತಾ ಕೂತ ಆ ತಾಳ್ಮೆ ನನಗೆ ಇಂದಿಗೂ ದೊಡ್ಡದಾಗಿ ಕಾಣುತ್ತದೆ.

ಪ್ಲಾಸ್ಟಿಕ್ಕುಗಳ ವಿಷಯದಲ್ಲಿ ಅಷ್ಟೇ ತಾಳ್ಮೆಯ ಕೆಲಸ ನೆದರ್ಲೆಂಡಿನ ಡೆಲ್ಫ್ಟ್ ನಗರದಲ್ಲಿ ನಡೆಯಿತು. ಎಲ್. ಸಿ. ಇ. ಸ್ಟ್ರಾಯ್ಕ್ ಎಂಬ ವಿಜ್ಞಾನಿ ಪಿವಿಸಿಯನ್ನು 90 ಡಿಗ್ರಿಯಿಂದ ಥಟ್ಟನೆ ತಣಿಸಿ, ಒಂದು ಗಂಟೆಗೂ ಕಡಿಮೆ ಅವಧಿಯಿಂದ ಹಿಡಿದು ಸಾವಿರ ದಿನಗಳವರೆಗೆ ಬೇರೆ ಬೇರೆ ವಯಸ್ಸಿನಲ್ಲಿ ಅದಕ್ಕೆ ಭಾರ ಕಟ್ಟಿ ಎಷ್ಟು ಜಗ್ಗುತ್ತದೆ ಎಂದು ನೋಡಿದರು. ವಯಸ್ಸು ಹತ್ತು ಪಟ್ಟಾದರೆ ಜಗ್ಗುವ ವೇಗ ಸರಿಸುಮಾರು ಹತ್ತನೇ ಒಂದು ಪಾಲಿಗೆ ಇಳಿಯುತ್ತಿತ್ತು. 1978ರಲ್ಲಿ ಇದೆಲ್ಲ ಪುಸ್ತಕವಾಗಿ ಬಂತು. ಅರಕಲಗೂಡಿನ ಹೊಲದ ಬದುವಿನಲ್ಲಿ ರಾಶಿ ಹಾಕಿದ ಬೋರ್‌ವೆಲ್ ಪೈಪು ಕೂಡ ಕಾರ್ಖಾನೆಯಿಂದ ಹೊರಬಿದ್ದ ಗಳಿಗೆಯಿಂದ ಇದೇ ಲೆಕ್ಕದಲ್ಲಿ ಬಿಗಿಯುತ್ತಾ ಬಂದಿರುತ್ತದೆ. ಬಿಸಿಲು ಮೇಲ್ಮೈಯನ್ನು ಪುಡಿಯಾಗಿಸುವುದು ಬೇರೆ ಕಥೆ.

ಈ ಲೆಕ್ಕದ ವಿಚಿತ್ರವನ್ನು ಸ್ವಲ್ಪ ನಿಂತು ನೋಡಬೇಕು. ಮೊದಲ ದಿನದಿಂದ ಹತ್ತನೇ ದಿನದೊಳಗೆ ಎಷ್ಟು ಬದಲಾವಣೆ ಆಗುತ್ತದೋ, ಅಷ್ಟೇ ಬದಲಾವಣೆಗೆ ಆಮೇಲೆ ನೂರನೇ ದಿನದವರೆಗೆ ಕಾಯಬೇಕು. ಇನ್ನೊಮ್ಮೆ ಅಷ್ಟಾಗಲು ಸಾವಿರನೇ ದಿನ. ಹಾಗಾಗಿ ಈ ಮುಪ್ಪು ಮುಖ್ಯವಾಗಿ ಎಳೆತನದ ಕಾಯಿಲೆ. ಹೆಚ್ಚಿನದೆಲ್ಲ ಮೊದಲ ದಿನಗಳಲ್ಲೇ ಮುಗಿದಿರುತ್ತದೆ, ಆದರೂ ಪೂರ್ತಿ ನಿಲ್ಲುವ ದಿನ ಬರುವುದಿಲ್ಲ. ಗಾಜುಗಟ್ಟುವ ಉಷ್ಣತೆಗೆ ತುಸು ಕೆಳಗೆ ಇಟ್ಟರೆ ಇದು ಓಡುತ್ತದೆ, ಬಹಳ ಕೆಳಗಿಟ್ಟರೆ ಮಿಸುಕಾಟವೇ ಮರಗಟ್ಟಿ ತೆವಳುತ್ತದೆ. ಆ ಉಷ್ಣತೆಯನ್ನು ದಾಟಿ ಮೇಲೆ ಕಾಯಿಸಿದಿರೋ, ಸರಪಳಿಗಳು ಮತ್ತೆ ಬಿಡಿಬಿಡಿಯಾಗಿ ಹೊರಳಾಡಿ ಹಳೆಯದೆಲ್ಲ ಅಳಿಸಿಹೋಗುತ್ತದೆ. ತಣಿಸಿದಾಗ ಸಿಗುವುದು ಅಂದೇ ಹುಟ್ಟಿದ ಹೊಸ ಗಾಜು. ಮುಪ್ಪನ್ನು ಪೂರ್ತಿ ಹಿಂದಿರುಗಿಸಬಹುದಾದ ವಸ್ತು ಲೋಕದಲ್ಲಿ ಅಪರೂಪ, ಈ ಮುಪ್ಪು ಅಂಥದು.

ರಾಸಾಯನಿಕ ಮುಪ್ಪಿಗೆ ಆ ಭಾಗ್ಯವಿಲ್ಲ. ಹಳೆಯ ನೆಗೆಟಿವ್ ಡಬ್ಬಿಯ ಮುಚ್ಚಳ ತೆಗೆದಾಗ ಕೆಲವೊಮ್ಮೆ ವಿನೆಗರಿನ ಹುಳಿವಾಸನೆ ಗಪ್ಪನೆ ಮೂಗಿಗೆ ಬಡಿಯುತ್ತದೆ. ಅದು ಟ್ರೈಅಸಿಟೇಟಿನ ಸರಪಳಿಯೇ ಒಡೆಯುತ್ತಿರುವ ಗುರುತು. ಒಡೆದ ತುಂಡು ಅಸಿಟಿಕ್ ಆಮ್ಲವಾಗಿ ಹೊರಬರುತ್ತದೆ, ಆ ಆಮ್ಲ ಪಕ್ಕದ ಸರಪಳಿಯನ್ನೂ ಒಡೆಯುತ್ತದೆ, ಒಂದು ರೀಲಿನಿಂದ ಇನ್ನೊಂದಕ್ಕೆ ಹತ್ತುತ್ತದೆ. 1948ರಲ್ಲಿ ಬಳಕೆಗೆ ಬಂದ ಈ ಹಾಳೆ ಹೀಗೆ ಕೊಳೆಯುತ್ತಿದೆ ಎಂಬ ಮೊದಲ ದೂರು ಈಸ್ಟ್‌ಮನ್ ಕೊಡಾಕ್ ಕಂಪನಿಗೆ ಹೋದದ್ದು ಹತ್ತು ವರ್ಷದೊಳಗೆ, ಅದೂ ಭಾರತ ಸರ್ಕಾರದಿಂದ. ನಮ್ಮ ಸೆಕೆ ಮತ್ತು ತೇವ ಅದಕ್ಕೆ ಕಾರಣ. ಹುಳಿವಾಸನೆ ಬಂದ ನೆಗೆಟಿವ್ ಇದ್ದರೆ ಅದನ್ನು ಬೇರೆಯವುಗಳಿಂದ ತೆಗೆದು ದೂರ ಇಡಿ, ತಡಮಾಡದೆ ಸ್ಕ್ಯಾನ್ ಮಾಡಿಸಿ. ಅದನ್ನು ಸರಿಪಡಿಸುವ ದಾರಿಯಿಲ್ಲ.

ಸುರುಳಿಗೆ ಬರೋಣ. ಹೊಸದಾಗಿ ತಯಾರಾದ ಹಾಳೆಯನ್ನು ಸ್ಪೂಲಿಗೆ ಸುತ್ತಿದಾಗ ಅದರ ಹೊರಮೈ ತುಸು ಹಿಗ್ಗುತ್ತದೆ, ಒಳಮೈ ತುಸು ಅದುಮಿಕೊಳ್ಳುತ್ತದೆ. ಹಾಳೆ ಇನ್ನೂ ಎಳೆಯದು, ಸರಪಳಿಗಳು ಮಿಸುಕುತ್ತಿವೆ. ಮಿಸುಕುವಾಗ ಅವು ಈ ಎಳೆತಕ್ಕೆ, ಈ ಒತ್ತಕ್ಕೆ ಹೊಂದಿಕೊಂಡೇ ಕೂರುತ್ತವೆ. ತಿಂಗಳುಗಟ್ಟಲೆ ಅಂಗಡಿಯ ಕಪಾಟಿನಲ್ಲಿ, ಬೇಸಿಗೆಯ ಬಸ್ಸಿನ ಮೇಲಿನ ಪೆಟ್ಟಿಗೆಯಲ್ಲಿ ರೀಲು ಹೀಗೆ ಕಳೆಯುತ್ತದೆ. ಅಷ್ಟರಲ್ಲಿ ಹಾಳೆಗೆ ಮುಪ್ಪಾಗಿ ಮಿಸುಕಾಟ ನಿಧಾನವಾಗಿರುತ್ತದೆ. ಬಾಗಿದ ಆಕಾರವೇ ಈಗ ಅದರ ಸಹಜ ಆಕಾರ. ಬಿಚ್ಚಿ ಚಪ್ಪಟೆ ಮಾಡಿದರೆ ಅದೇ ಅದಕ್ಕೆ ಹಿಂಸೆ.

ಟ್ರೈಅಸಿಟೇಟಿಗೆ ಒಂದು ಅನುಕೂಲವಿತ್ತು. ಅದು ನೀರು ಹೀರುತ್ತದೆ. ಡೆವಲಪ್ ಮಾಡುವ ತೊಟ್ಟಿಗಳಲ್ಲಿ ನೆನೆದಾಗ ಅದರ ಸರಪಳಿಗಳಿಗೆ ಸ್ವಲ್ಪ ಸಡಿಲಿಕೆ ಸಿಕ್ಕಿ ಸುರುಳಿಯ ಒಂದು ಪಾಲು ಬಿಚ್ಚಿಹೋಗುತ್ತಿತ್ತು. ಪಾಲಿಯೆಸ್ಟರ್ ಜಾತಿಯ ಹಾಳೆಗಳು ಹೆಚ್ಚು ಗಟ್ಟಿ, ಹೆಚ್ಚು ತೆಳುವಾಗಿಯೂ ಸಿಗುತ್ತವೆ, ಆದರೆ ನೀರು ಹೀರುವುದು ಬಹಳ ಕಡಿಮೆ. ಅವುಗಳ ಸುರುಳಿ ತೊಟ್ಟಿಯಲ್ಲಿ ಬಿಚ್ಚುವುದಿಲ್ಲ. 1996ರಲ್ಲಿ ಎಪಿಎಸ್ ಎಂಬ ಸಣ್ಣ ಗಾತ್ರದ ಫಿಲ್ಮು ಮಾರುಕಟ್ಟೆಗೆ ಬಂದಾಗ ಅದಕ್ಕೆ ಆರಿಸಿದ್ದು ಪಾಲಿಎಥಿಲೀನ್ ನ್ಯಾಫ್ತಲೇಟ್ ಎಂಬ ಪಾಲಿಯೆಸ್ಟರನ್ನು. ಗಾಜುಗಟ್ಟುವ ಉಷ್ಣತೆ 120 ಡಿಗ್ರಿಯ ಸುಮಾರು. ಚಿಕ್ಕ ಡಬ್ಬಿ, ಬಿಗಿ ಸುತ್ತು, ಬಿಚ್ಚದ ಸುರುಳಿ ಎಂದರೆ ಇಡೀ ವ್ಯವಸ್ಥೆ ಕೈಕೊಡುತ್ತಿತ್ತು. ಎಂಜಿನಿಯರುಗಳು ಮಾಡಿದ ಉಪಾಯ ನನ್ನ ಮಟ್ಟಿಗೆ ಈ ವಿಜ್ಞಾನದ ಅತ್ಯಂತ ಚೆಂದದ ಪ್ರಯೋಗ. ಸಣ್ಣ ಸ್ಪೂಲಿಗೆ ಸುತ್ತುವ ಮೊದಲೇ ಹಾಳೆಯನ್ನು ಗಾಜುಗಟ್ಟುವ ಉಷ್ಣತೆಗೆ ತುಸು ಕೆಳಗಿನ ಬಿಸಿಯಲ್ಲಿ ದೀರ್ಘಕಾಲ ಇಟ್ಟರು. ಅಂದರೆ ಬೇಕೆಂದೇ ಮುಪ್ಪು ತರಿಸಿದರು. ವರ್ಷಗಳ ಮಿಸುಕಾಟವನ್ನು ಮೊದಲೇ ಮುಗಿಸಿಕೊಂಡ ಹಾಳೆ ಆಮೇಲೆ ಸ್ಪೂಲಿನ ಆಕಾರವನ್ನು ಕಲಿಯಲಿಲ್ಲ. ಆ ಫಿಲ್ಮು ಡಿಜಿಟಲ್ಲಿನ ಅಬ್ಬರದಲ್ಲಿ ಬೇಗ ಮರೆಯಾಯಿತು, ಉಪಾಯ ಮಾತ್ರ ಗಟ್ಟಿಯಾದದ್ದು.

ಮನೆಯಲ್ಲಿ ಸುರುಳಿಗಟ್ಟಿದ ನೆಗೆಟಿವ್ ಇದ್ದವರು ಇಸ್ತ್ರಿಪೆಟ್ಟಿಗೆ ಹಿಡಿಯಬಾರದು. ಟ್ರೈಅಸಿಟೇಟಿನ ನೆನಪು ಅಳಿಸಲು ಬೇಕಾದ ಬಿಸಿ 150 ಡಿಗ್ರಿಗೂ ಮೇಲೆ, ಅಷ್ಟರಲ್ಲಿ ಜೆಲಟಿನ್ನೂ ಚಿತ್ರವೂ ಹೋಗಿರುತ್ತವೆ. ಐದಾರು ಚಿತ್ರಗಳ ಪಟ್ಟಿಯಾಗಿ ಕತ್ತರಿಸಿ, ಕವರಿನಲ್ಲಿ ಚಪ್ಪಟೆಯಾಗಿ ಸೇರಿಸಿ, ತಂಪು ಒಣ ಜಾಗದಲ್ಲಿ ಹಗುರವಾದ ಭಾರದಡಿ ಇಟ್ಟು ಕಾಯುವುದೇ ಸರಿ. ಸುತ್ತುವಾಗ ಕಲಿತದ್ದನ್ನು ಹಾಳೆ ಚಪ್ಪಟೆಯಾಗಿ ಮಲಗಿ ನಿಧಾನವಾಗಿ ಮರೆಯುತ್ತದೆ, ಅದೂ ಒಂದಿಷ್ಟು ಮಾತ್ರ.

ಇಲ್ಲಿಯವರೆಗೆ ನೋಡಿದ ಹಾಳೆಗಳು ಸರಪಳಿಯ ಅಳತೆಗೆ ಹೋಲಿಸಿದರೆ ಭಾರೀ ದಪ್ಪದವು. ಇನ್ನೂ ತೆಳ್ಳಗೆ ಮಾಡುತ್ತಾ ಹೋದರೆ? 1994ರಲ್ಲಿ ಕೇಂಬ್ರಿಜ್‌ನಲ್ಲಿ ಕೆಡ್ಡಿ, ಜೋನ್ಸ್, ಕೋರಿ ಎಂಬ ಮೂವರು ಸಿಲಿಕಾನ್ ಬಿಲ್ಲೆಯ ಮೇಲೆ ಪಾಲಿಸ್ಟೈರೀನಿನ ಅತಿ ತೆಳು ಲೇಪ ಹಚ್ಚಿ ಕಾಯಿಸುತ್ತಾ ದಪ್ಪ ಅಳೆದರು. ಲೇಪ 40 ನ್ಯಾನೊಮೀಟರಿಗಿಂತ ತೆಳುವಾದಂತೆ, ಅಂದರೆ ಮಿಲಿಮೀಟರಿನ ಇಪ್ಪತ್ತೈದು ಸಾವಿರನೇ ಒಂದು ಭಾಗಕ್ಕೂ ತೆಳುವಾದಂತೆ, ಗಾಜುಗಟ್ಟುವ ಉಷ್ಣತೆ ಇಳಿಯತೊಡಗಿತು. 10 ನ್ಯಾನೊಮೀಟರಿನಲ್ಲಿ ಇಳಿತ ಸುಮಾರು 25 ಡಿಗ್ರಿ. ಒಂದೇ ವಸ್ತು, ಒಂದೇ ಅಣು, ತೆಳುವಾದ ಮಾತ್ರಕ್ಕೆ ಬೇರೆ ಸ್ವಭಾವ! ಗಾಳಿಗೆ ತೆರೆದ ಮೇಲ್ಮೈಯಲ್ಲಿ ಸರಪಳಿಗೆ ಒಂದು ಕಡೆ ನೆರೆಹೊರೆಯಿಲ್ಲ, ಹಾಗಾಗಿ ಅದು ಸುಲಭವಾಗಿ ಮಿಸುಕುತ್ತದೆ. ದಪ್ಪ ಹಾಳೆಯಲ್ಲಿ ಈ ಚಂಚಲ ಮೇಲ್ಮೈ ಲೆಕ್ಕಕ್ಕೇ ಬಾರದು, 10 ನ್ಯಾನೊಮೀಟರಿನ ಹಾಳೆಯಲ್ಲಿ ಮೇಲ್ಮೈಯೇ ಬಹುಪಾಲು. ಅದೇ ತಂಡ ಪಿಎಂಎಂಎ ಎಂಬ ಇನ್ನೊಂದು ಪಾಲಿಮರನ್ನು ಹಚ್ಚಿದಾಗ, ಕೆಳಗೆ ಚಿನ್ನವಿದ್ದರೆ ಉಷ್ಣತೆ ಇಳಿಯಿತು, ಸಿಲಿಕಾ ಇದ್ದರೆ ಏರಿತು. ಪಿಎಂಎಂಎ ಸರಪಳಿ ಸಿಲಿಕಾದ ಮೈಗೆ ಹೈಡ್ರೋಜನ್ ಬಂಧಗಳಿಂದ ಅಂಟಿಕೊಳ್ಳುತ್ತದೆ, ಚಿನ್ನಕ್ಕೆ ಹಾಗೆ ಅಂಟುವುದಿಲ್ಲ.

ಅಮೆರಿಕದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ಜಾನ್ ಟಾರ್ಕೆಲ್‌ಸನ್ ತಂಡ ಇನ್ನೂ ಜಾಣ ದಾರಿ ಹಿಡಿಯಿತು. ಹಲವು ಪದರಗಳನ್ನು ಒಂದರ ಮೇಲೊಂದು ಪೇರಿಸಿ, ಅವುಗಳಲ್ಲಿ ಒಂದಕ್ಕೆ ಮಾತ್ರ ಹೊಳೆಯುವ ಅಣುವನ್ನು ಕಟ್ಟಿತು. ಆ ಹೊಳಪು ಆ ಪದರದ ಸುದ್ದಿಯನ್ನಷ್ಟೇ ಹೇಳುತ್ತದೆ. ಹೊಳೆಯುವ ಪದರವನ್ನು ಮೇಲೆ, ನಡುವೆ, ತಳದಲ್ಲಿ ಇಟ್ಟು ನೋಡಿದರೆ ಹಾಳೆಯ ಒಳಗಿನ ಒಂದೊಂದು ಅಂತಸ್ತೂ ಮಾತಾಡುತ್ತದೆ. 2003ರಲ್ಲಿ ಬಂದ ಫಲಿತಾಂಶದ ಪ್ರಕಾರ ಪಾಲಿಸ್ಟೈರೀನಿನ ಮೇಲ್ತುದಿಯ 14 ನ್ಯಾನೊಮೀಟರ್ ಪದರದಲ್ಲಿ ಗಾಜುಗಟ್ಟುವ ಉಷ್ಣತೆ ಒಳಗಿನದಕ್ಕಿಂತ 32 ಡಿಗ್ರಿ ಕಡಿಮೆ. 2005ರಲ್ಲಿ ಅವರೇ ಪಿಎಂಎಂಎಯ ಮುಪ್ಪಿನ ವೇಗವನ್ನು ಅಳೆದರು. ಸಿಲಿಕಾಗೆ ಅಂಟಿದ ತಳದಲ್ಲಿ ಮುಪ್ಪು ಹದಿನೈದು ಪಟ್ಟು ನಿಧಾನ, ತೆರೆದ ಮೇಲ್ಮೈಯಲ್ಲಿ ಎರಡು ಪಟ್ಟು ನಿಧಾನ.

ಮೇಲ್ಮೈಯಲ್ಲೂ ನಿಧಾನವೇಕೆ? ಅಲ್ಲಿ ಗಾಜುಗಟ್ಟುವ ಉಷ್ಣತೆಯೇ ಇಳಿದಿರುವುದರಿಂದ ಸರಪಳಿಗಳು ಕೊನೆಯವರೆಗೂ ಹೊರಳಾಡಿ, ಹೆಚ್ಚು ನೆಮ್ಮದಿಯಾಗಿ ಕೂತಿರುತ್ತವೆ. ಸರಿಪಡಿಸಿಕೊಳ್ಳಲು ಬಾಕಿ ಉಳಿದದ್ದು ಕಡಿಮೆ. ಆದರೆ ಟೆಕ್ಸಾಸಿನ ಆಸ್ಟಿನ್‌ನಲ್ಲಿ ಡೊನಾಲ್ಡ್ ಪಾಲ್ ತಂಡ ಅನಿಲಗಳನ್ನು ಸೋಸುವ ಹಾಳೆಗಳಲ್ಲಿ ಕಂಡದ್ದು ಇದಕ್ಕೆ ತಿರುಗುಮುರುಗು. 400 ನ್ಯಾನೊಮೀಟರ್ ದಪ್ಪದ ಪಾಲಿಸಲ್ಫೋನ್, ಪಾಲಿಇಮೈಡ್ ಹಾಳೆಗಳು ದಪ್ಪ ಹಾಳೆಗಳಿಗಿಂತ ಬೇಗ ಬೇಗ ಮುಪ್ಪಾದವು. ಆಮ್ಲಜನಕ, ಸಾರಜನಕ ಹಾದುಹೋಗುವುದು ಸರಪಳಿಗಳ ನಡುವಿನ ಖಾಲಿ ಜಾಗದಲ್ಲಿ. ಆ ಜಾಗ ತುಸು ಕುಗ್ಗಿದರೂ ಅನಿಲದ ಹರಿವು ಎದ್ದು ಕಾಣುವಂತೆ ಇಳಿಯುತ್ತದೆ. ಖಾಲಿ ಜಾಗವು ಮೇಲ್ಮೈಯತ್ತ ಸರಿಯುತ್ತಾ ಹೋಗಿ ಹೊರಬೀಳುತ್ತದೆ, ತೆಳು ಹಾಳೆಯಲ್ಲಿ ಆ ದಾರಿ ಹತ್ತಿರ ಎಂಬುದು ಅವರಲ್ಲಿ ಹಲವರ ವಿವರಣೆ. ಎರಡು ತಂಡಗಳೂ ಸರಿಯಾಗಿಯೇ ಅಳೆದಿವೆ. ಯಾವ ಪಾಲಿಮರು, ಎಷ್ಟು ದಪ್ಪ, ಪಕ್ಕದಲ್ಲಿ ಯಾರಿದ್ದಾರೆ, ಗಾಜುಗಟ್ಟುವ ಉಷ್ಣತೆಯಿಂದ ಎಷ್ಟು ಕೆಳಗೆ ಇಟ್ಟು ಅಳೆದರು, ಇವೆಲ್ಲ ಸೇರಿ ಉತ್ತರವನ್ನು ಬದಲಿಸುತ್ತವೆ.

ಹಾಗಾದರೆ ಗಾಳಿ ತಾಗುವ ಮೇಲ್ಮೈಯನ್ನೇ ಇಲ್ಲವಾಗಿಸಿದರೆ? ಇದಕ್ಕೆ ಪದರಗಟ್ಟಿದ ಹಾಳೆ ಬೇಕು. ಕ್ಲೀವ್‌ಲ್ಯಾಂಡಿನ ಕೇಸ್ ವೆಸ್ಟರ್ನ್ ರಿಸರ್ವ್ ವಿಶ್ವವಿದ್ಯಾಲಯದಲ್ಲಿ ಎರಿಕ್ ಬೇರ್ ಅವರ ಪ್ರಯೋಗಾಲಯ ಅದನ್ನು ಮಾಡುವ ರೀತಿ ನಮ್ಮ ಅಡುಗೆಮನೆಗೆ ಹೊಸದಲ್ಲ. ಚಿರೋಟಿಗೆ ಲಟ್ಟಿಸಿದ ಹಾಳೆಗಳ ನಡುವೆ ತುಪ್ಪ, ಅಕ್ಕಿಹಿಟ್ಟು ಸವರಿ, ಒಂದರ ಮೇಲೊಂದಿಟ್ಟು ಸುತ್ತಿ, ಕತ್ತರಿಸಿ ಮತ್ತೆ ಲಟ್ಟಿಸುವಂತೆಯೇ ಇದು. ಕರಗಿದ ಎರಡು ಪಾಲಿಮರುಗಳನ್ನು ಒಂದರ ಮೇಲೊಂದು ಹರಿಸುತ್ತಾರೆ. ಆ ಹರಿವನ್ನು ಉದ್ದಕ್ಕೆ ಸೀಳಿ, ಎರಡು ಭಾಗಗಳನ್ನೂ ಅಗಲಿಸಿ, ಪೇರಿಸುತ್ತಾರೆ. ಎರಡು ಪದರ ನಾಲ್ಕಾಯಿತು. ಹತ್ತು ಸಲ ಹೀಗೆ ಮಾಡಿದರೆ 2048 ಪದರ. ಹಿಟ್ಟಿನ ಜಾಗದಲ್ಲಿ ಗಾಜಿನಂಥ ಪಾಲಿಸಲ್ಫೋನ್, ತುಪ್ಪದ ಜಾಗದಲ್ಲಿ ರಬ್ಬರಿನಂಥ ಮೆದು ಪಾಲಿಮರು. 2011ರ ಹೊತ್ತಿಗೆ ಈ ಪ್ರಯೋಗಾಲಯವೂ ಆಸ್ಟಿನ್ನಿನ ತಂಡವೂ ಸೇರಿ ಇಂಥ ಹಾಳೆಗಳ ಮುಪ್ಪನ್ನು ಅನಿಲ ಹಾಯಿಸಿ ಅಳೆದವು. ಒಂದೊಂದು ಪಾಲಿಸಲ್ಫೋನ್ ಪದರ 200ರಿಂದ 400 ನ್ಯಾನೊಮೀಟರಿನ ಆಸುಪಾಸು. ಬಿಡಿಯಾಗಿ ನಿಂತಿದ್ದರೆ ಅವು ಅವಸರದಿಂದ ಮುಪ್ಪಾಗಬೇಕಿತ್ತು. ಆದರೆ ಪದರಗಳ ನಡುವೆ ಸೇರಿದಾಗ ಅವು ದಪ್ಪ ಹಾಳೆಯ ನಿಧಾನದಲ್ಲೇ ಮುಪ್ಪಾದವು. ತೆಳುತನವೊಂದೇ ಕಾರಣವಾಗಿದ್ದರೆ ಹೀಗಾಗುತ್ತಿರಲಿಲ್ಲ. ನೆರೆಯ ಪದರ ಮೈಗಂಟಿ ನಿಂತಾಗ ತೆಳು ಹಾಳೆಯ ಆಯಸ್ಸೇ ಬೇರೆಯಾಗುತ್ತದೆ ಎಂಬುದು ನನಗೆ ಈ ಕ್ಷೇತ್ರದ ಅತಿ ಮುಖ್ಯ ಸಂಗತಿ. ಏಕೆಂದರೆ ನಾವು ದಿನವೂ ಮುಟ್ಟುವ ತೆಳು ಹಾಳೆಗಳಲ್ಲಿ ಒಂಟಿಯಾಗಿರುವುದು ಕಡಿಮೆ.

ಹಾಸನದ ಅಂಗಡಿಯ ಕಾಫಿಪುಡಿ ಪ್ಯಾಕೆಟ್ಟನ್ನೇ ತೆಗೆದುಕೊಳ್ಳಿ. ಸಾಮಾನ್ಯವಾಗಿ ಅದರ ಹೊರಗೆ ಅಚ್ಚು ಹಾಕಿದ, ಪೆಟ್ ಎಂಬ ಪಾಲಿಯೆಸ್ಟರಿನ ಹಾಳೆ, 12 ಮೈಕ್ರಾನ್. ಒಳಗೆ ಅಲ್ಯೂಮಿನಿಯಂ ಆವಿ ಹಿಡಿಸಿದ ಇನ್ನೊಂದು ಪೆಟ್ ಹಾಳೆ, ಆ ಲೋಹದ ಲೇಪ ಕೆಲವೇ ಹತ್ತು ನ್ಯಾನೊಮೀಟರ್. ಎಲ್ಲಕ್ಕಿಂತ ಒಳಗೆ ಬಿಸಿಗೆ ಅಂಟುವ ಮೆದು ಪಾಲಿಥೀನ್. ಗಾಜು, ಗಾಜು, ಮೆದು.

ಶುದ್ಧ ಕುಡಿಯುವ ನೀರಿನ ಘಟಕಗಳಲ್ಲಿ ಇದಕ್ಕಿಂತ ಸೂಕ್ಷ್ಮವಾದ ಪದರಗಳಿವೆ. ಚನ್ನರಾಯಪಟ್ಟಣದ ಒಣ ಹೋಬಳಿಗಳಿಂದ ಹೇಮಾವತಿ ಪಕ್ಕದ ಹೊಳೆನರಸೀಪುರದ ಹಳ್ಳಿಗಳವರೆಗೆ ನಾಣ್ಯ ಹಾಕಿ 20 ಲೀಟರಿನ ಕ್ಯಾನು ತುಂಬಿಸಿಕೊಂಡು ಹೋಗುವವರನ್ನು ಬೆಳಗ್ಗೆ ಬೆಳಗ್ಗೆಯೇ ನೋಡಬಹುದು. ಆ 'ಫಿಲ್ಟರ್ ನೀರು' ಬರುವುದು ಬಿಳಿ ಕೊಳವೆಯೊಳಗೆ ಸುತ್ತಿಟ್ಟ ಹಾಳೆಯಿಂದ. ತಳದಲ್ಲಿ ಪಾಲಿಯೆಸ್ಟರ್ ಬಟ್ಟೆ, ಅದರ ಮೇಲೆ 40-50 ಮೈಕ್ರಾನ್ ಪಾಲಿಸಲ್ಫೋನ್, ಎಲ್ಲಕ್ಕೂ ಮೇಲೆ 100ರಿಂದ 200 ನ್ಯಾನೊಮೀಟರಿನ ಪಾಲಿಅಮೈಡ್. ಉಪ್ಪನ್ನು, ಫ್ಲೋರೈಡನ್ನು ತಡೆಯುವುದು ಈ ಕೊನೆಯ ಪದರ ಮಾತ್ರ. ಉಳಿದದ್ದೆಲ್ಲ ಅದಕ್ಕೆ ಆಸರೆ. ಹಳ್ಳಿಯಲ್ಲಿ 'ಮೆಂಬ್ರೇನ್ ಹೋಗಿದೆ' ಎಂದಾಗ ಕಾರಣ ಬಹುತೇಕ ಗಡಸು ನೀರಿನ ಸುಣ್ಣ, ಕೆಸರು, ಇಲ್ಲವೇ ಕ್ಲೋರಿನ್. ಪಾಲಿಅಮೈಡ್ ಕ್ಲೋರಿನ್ನನ್ನು ತಾಳುವುದಿಲ್ಲ. ಭೌತಿಕ ಮುಪ್ಪು ಅಲ್ಲಿ ದೊಡ್ಡ ಶತ್ರುವಲ್ಲ, ಏಕೆಂದರೆ ಹಾಳೆ ಸದಾ ನೆನೆದಿದ್ದು ನೀರೇ ಅದರ ಸರಪಳಿಗಳನ್ನು ಸಡಿಲವಾಗಿಡುತ್ತದೆ. ತಿಂಗಳುಗಟ್ಟಲೆ ಘಟಕ ನಿಂತು ಹಾಳೆ ಒಣಗಿದರೆ ಕಷ್ಟ. ಪಾಲಿಸಲ್ಫೋನಿನ ಸಣ್ಣ ರಂಧ್ರಗಳು ಕುಸಿಯುತ್ತವೆ, ಮತ್ತೆ ನೀರು ಬಿಟ್ಟರೂ ಮೊದಲಿನ ಹರಿವು ಬರುವುದಿಲ್ಲ. ಘಟಕ ನಿಲ್ಲಿಸುವಾಗ ಮೆಂಬ್ರೇನನ್ನು ಸಂರಕ್ಷಕ ದ್ರಾವಣದಲ್ಲಿ ನೆನೆಸಿಯೇ ಇಡಬೇಕು ಎಂಬ ಸೂಚನೆ ಇರುವುದು ಇದಕ್ಕೆ. ನಿರ್ವಹಣೆಯ ಟೆಂಡರುಗಳಲ್ಲಿ ಈ ಒಂದು ಸಾಲಿಗೆ ಜಾಗ ಸಿಕ್ಕರೆ ಎಷ್ಟೋ ಮೆಂಬ್ರೇನುಗಳು ಉಳಿಯುತ್ತವೆ.

ಪದರಗಟ್ಟಿದ ಹಾಳೆಗಳು ನೆಲದ ಮೇಲಷ್ಟೇ ಅಲ್ಲ, ಆಕಾಶದಲ್ಲೂ ಇವೆ. ಹಾಸನದ ಸಾಲಗಾಮೆ ರಸ್ತೆಯಲ್ಲಿರುವ ಇಸ್ರೋದ ಮುಖ್ಯ ನಿಯಂತ್ರಣ ಕೇಂದ್ರ ಶುರುವಾದದ್ದು 1982ರಲ್ಲಿ, ಇನ್ಸಾಟ್ ಉಪಗ್ರಹಗಳಿಗಾಗಿ. 1983ರ ಆಗಸ್ಟ್ 30ರಂದು ಚಾಲೆಂಜರ್ ನೌಕೆಯಲ್ಲಿ ಹೋದ ಇನ್ಸಾಟ್-1ಬಿಯ ಸೌರಫಲಕ ಬಿಚ್ಚಿಕೊಳ್ಳಲು ಸತಾಯಿಸಿದಾಗ ಎಲ್ಲರ ಕಣ್ಣು ಈ ಊರಿನ ಮೇಲಿತ್ತು. ಸೆಪ್ಟೆಂಬರಿನಲ್ಲಿ ಅದು ಬಿಚ್ಚಿಕೊಂಡಿತು, ದೇಶಕ್ಕೆ ದೂರದರ್ಶನ ಹರಡಿತು. ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ ನಿಂತಂತೆ ಕಾಣುವ ಇಂಥ ಉಪಗ್ರಹಗಳನ್ನು ಸುತ್ತಿರುವ ಹೊದಿಕೆಯೂ ಪದರಗಟ್ಟಿದ ತೆಳು ಹಾಳೆಯೇ. ಹೊರಗಿನ ಹೊನ್ನಬಣ್ಣ ಚಿನ್ನದ್ದಲ್ಲ. ಅದು ಕ್ಯಾಪ್ಟಾನ್ ಎಂಬ ಪಾಲಿಇಮೈಡಿನ ಸಹಜ ಜೇನುಬಣ್ಣ, ಹಿಂದಿನ ಅಲ್ಯೂಮಿನಿಯಂ ಲೇಪದಿಂದ ಹೊಳೆಯುತ್ತದೆ. ಒಳಗೆ ಅಲ್ಯೂಮಿನಿಯಂ ಹಿಡಿಸಿದ ಪೆಟ್ ಹಾಳೆಗಳು, ಕಾಫಿಪುಡಿ ಪ್ಯಾಕೆಟ್ಟಿನದಕ್ಕಿಂತ ಅರ್ಧ ತೆಳು, ಕೆಲವೊಮ್ಮೆ ಆರೇ ಮೈಕ್ರಾನ್. ಹತ್ತು ಇಪ್ಪತ್ತು ಪದರ ಪೇರಿಸಿ, ಒಂದಕ್ಕೊಂದು ತಾಗದಿರಲೆಂದು ನಡುನಡುವೆ ತೆಳು ಬಲೆ ಹಾಸುತ್ತಾರೆ. ತಾಗಿದರೆ ಶಾಖ ದಾಟುತ್ತದೆ. ಇಲ್ಲಿ ಪದರಗಳು ಬೇಕೆಂದೇ ಬಿಡಿಬಿಡಿ, ಕ್ಲೀವ್‌ಲ್ಯಾಂಡಿನ ಹಾಳೆಗೆ ತದ್ವಿರುದ್ಧ. ಆದರೆ ಒಂದೊಂದೂ ಸಾವಿರಾರು ನ್ಯಾನೊಮೀಟರ್ ದಪ್ಪವಿರುವುದರಿಂದ ತೆಳುತನದ ಅವಸರ ಇವಕ್ಕೆ ತಟ್ಟುವುದಿಲ್ಲ.

ಯಾವ ಹಾಳೆ ಎಲ್ಲಿರಬೇಕು ಎಂಬುದನ್ನು ಗಾಜುಗಟ್ಟುವ ಉಷ್ಣತೆಯೂ ನಿರ್ಧರಿಸುತ್ತದೆ. ಪೆಟ್ ಹಾಳೆಯಲ್ಲಿ ಅದು 70-80 ಡಿಗ್ರಿ. ಬಿಸಿಲಿಗೆ ಮುಖ ಮಾಡಿದ ಹೊರಪದರ ನೂರು ಡಿಗ್ರಿ ದಾಟುತ್ತದೆ, ಭೂಮಿಯ ನೆರಳಿಗೆ ಸರಿದಾಗ ಸೊನ್ನೆಗಿಂತ ನೂರು ಡಿಗ್ರಿಗೂ ಕೆಳಗಿಳಿಯುತ್ತದೆ. ಹಗಲು-ರಾತ್ರಿ ಸಮವಾಗುವ ಮಾರ್ಚ್ ಮತ್ತು ಸೆಪ್ಟೆಂಬರಿನ ಆಸುಪಾಸಿನಲ್ಲಿ ತಲಾ ಸುಮಾರು 45 ದಿನ, ದಿನವೂ ಈ ನೆರಳು ಬರುತ್ತದೆ, ಹೆಚ್ಚೆಂದರೆ 72 ನಿಮಿಷ. ಅಂಥ ಜಾಗದಲ್ಲಿ ಪೆಟ್ ಇದ್ದಿದ್ದರೆ ದಿನಕ್ಕೊಮ್ಮೆ ಮೆದುವಾಗಿ, ದಿನಕ್ಕೊಮ್ಮೆ ಹೊಸದಾಗಿ ಗಾಜುಗಟ್ಟಿ, ಕುಗ್ಗಿ ಸುಕ್ಕಾಗುತ್ತಿತ್ತು. ನೇರಳಾತೀತ ಕಿರಣವೂ ಅದನ್ನು ಬೇಗ ಒಡೆಯುತ್ತಿತ್ತು. ಕ್ಯಾಪ್ಟಾನಿಗೆ ಆ ಉಷ್ಣತೆ 350 ಡಿಗ್ರಿಗೂ ಮೇಲೆ. ನೂರು ಡಿಗ್ರಿ ಅದಕ್ಕೆ ಬಹಳ ಕೆಳಗಿನ ಮಾತು, ಮಿಸುಕಾಟ ಅಲ್ಲಿ ಹೆಚ್ಚುಕಡಿಮೆ ಮರಗಟ್ಟಿರುತ್ತದೆ. ಒಳಗಿನ ಪದರಗಳು ತಂಪಾಗಿರುವುದರಿಂದ ಅಲ್ಲಿ ಹಗುರವಾದ ಪೆಟ್ ಸಾಕು. ಮೇಲಾಗಿ, ಹೊದಿಕೆ ಹೊಲಿದು, ಪರೀಕ್ಷೆ ಮುಗಿದು, ಉಡಾವಣೆಗೆ ಹೋಗುವಷ್ಟರಲ್ಲಿ ಆ ಹಾಳೆಗಳಿಗೆ ವರ್ಷಗಳೇ ಆಗಿರುತ್ತವೆ. ಹತ್ತು ಪಟ್ಟಿನ ಲೆಕ್ಕದಲ್ಲಿ ನೋಡಿದರೆ ಅವುಗಳ ಭೌತಿಕ ಮುಪ್ಪಿನ ದೊಡ್ಡ ಪಾಲು ನೆಲದ ಮೇಲೇ ಮುಗಿದಿರುತ್ತದೆ. ಕಕ್ಷೆಯ ಹನ್ನೆರಡು ಹದಿನೈದು ವರ್ಷ ಅದಕ್ಕೆ ಸೇರಿಸುವುದು ಬಹಳ ಸ್ವಲ್ಪ. ಅಲ್ಲಿ ಹೊರಮೈಯನ್ನು ಕಪ್ಪಾಗಿಸುವುದು ಸೂರ್ಯನ ಕಿರಣ ಮತ್ತು ವಿದ್ಯುತ್ಕಣಗಳು. ಮೈ ಕಪ್ಪಾದಂತೆ ಅದು ಹೆಚ್ಚು ಬಿಸಿಲು ಹೀರುತ್ತದೆ. ಹೊದಿಕೆಯನ್ನು ಮುಟ್ಟಿ ನೋಡಲು ಯಾರೂ ಹೋಗಲಾರರು, ಹಾಗಾಗಿ ಉಪಗ್ರಹದ ಒಳಗಿನ ಸಲಕರಣೆಗಳ ಉಷ್ಣತೆ ವರ್ಷದಿಂದ ವರ್ಷಕ್ಕೆ ಎಷ್ಟು ಏರುತ್ತಿದೆ ಎಂಬ ಅಂಕಿಗಳಿಂದಲೇ ಹಾಳೆಯ ಸ್ಥಿತಿಯನ್ನು ಲೆಕ್ಕ ಹಾಕಬೇಕು. ಆ ಅಂಕಿಗಳು ಹಗಲೂ ರಾತ್ರಿ ಬಂದು ಇಳಿಯುವುದು ಸಾಲಗಾಮೆ ರಸ್ತೆಯ ಆಂಟೆನಾಗಳಿಗೆ.